ಕಾರ್ಯದರ್ಶಿ ಹತ್ತು ತಿಂಗಳು ಸಭೆಗೆ ಬರಲಿಲ್ಲ: ನಮ್ಮ ಅಂಚೆಚೀಟಿ ಸಂಘದ ಅನುಭವ

ಮೊನ್ನೆ ಬ್ಯಾಂಕಿನಿಂದ ಹೊರಗೆ ಬರುವಾಗ ಮಡಿಕೇರಿಯಲ್ಲಿ ಎಂದಿನ ಆಗಸ್ಟ್ ಮಳೆ. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜರ್ಕಿನ್ ಒಳಗೆ ಇಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ನಮ್ಮ ಸಂಘದ ಖಾತೆಗೆ ಹೊಸ ಕಾರ್ಯದರ್ಶಿಯ ಸಹಿ ಕೊನೆಗೂ ಸೇರಿತ್ತು. ಆ ಒಂದು ಸಹಿಗೆ ಹತ್ತು ತಿಂಗಳು ಹಿಡಿಯಿತು. ಮೂರು ತಿಂಗಳಲ್ಲಿ ಮುಗಿಯುವ ಕೆಲಸ. ಉಳಿದ ಏಳು ತಿಂಗಳನ್ನು ನಾವು ದಾಕ್ಷಿಣ್ಯದಲ್ಲಿ ಕಳೆದೆವು. ಸಣ್ಣ ಸಂಘ ನಡೆಸುವವರಿಗೆ ಇದು ಎಂದಾದರೂ ಎದುರಾಗುತ್ತದೆ. ಹಾಗಾಗಿ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಮ್ಮದು ಅಂಚೆಚೀಟಿ ಸಂಗ್ರಹಿಸುವವರ ಸಂಘ. 34 ಸದಸ್ಯರು. ಪ್ರತಿ ತಿಂಗಳ ಎರಡನೇ ಭಾನುವಾರ ಒಂದು ಶಾಲೆಯ ಕೊಠಡಿಯಲ್ಲಿ ಸೇರುತ್ತೇವೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ನೋಂದಣಿಯಾಗಿದೆ. ಅಧ್ಯಕ್ಷರು ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಖಜಾಂಚಿ ಅಕ್ಕನದು ಮೂರ್ನಾಡು ಕಡೆ ಸಣ್ಣ ತೋಟ. ಕಾರ್ಯದರ್ಶಿ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಮನೆ ನಾಪೋಕ್ಲು ದಾಟಿ ಒಳಗೆ. ಸಂಘ ಶುರು ಮಾಡಿದವರೇ ಅವರು. ನಾನು ಸಹ ಕಾರ್ಯದರ್ಶಿ. ಸಭೆಗೆ ಚಹಾ ಹೇಳುವುದು, ಮಕ್ಕಳಿಗೆ ಚಿಮುಟದಲ್ಲಿ ಅಂಚೆಚೀಟಿ ಹಿಡಿಯುವುದನ್ನು ಕಲಿಸುವುದು, ಅಲ್ಲಿಯವರೆಗೆ ನನ್ನ ಕೆಲಸ ಇಷ್ಟೇ ಆಗಿತ್ತು.

ಮೇಷ್ಟ್ರು ಕೊನೆಯ ಸಲ ಬಂದದ್ದು ಕಳೆದ ಅಕ್ಟೋಬರಿನಲ್ಲಿ, ಕಾವೇರಿ ಸಂಕ್ರಮಣಕ್ಕೆ ಮೊದಲು. ನವೆಂಬರಿನಲ್ಲಿ ಬರಲಿಲ್ಲ. ಡಿಸೆಂಬರಿನಲ್ಲಿ ಪುತ್ತರಿ ಹಬ್ಬ, ಆಮೇಲೆ ಕಾಫಿ ಕೊಯ್ಲು. ಆ ಎರಡು ಮೂರು ತಿಂಗಳು ಕೊಡಗಿನಲ್ಲಿ ಯಾರು ಯಾವ ಸಭೆಗೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ತೋಟದಲ್ಲಿ ಆಳು ಸಿಕ್ಕ ದಿನ ಕೊಯ್ಯಬೇಕು, ಬಿಸಿಲು ಇದ್ದ ದಿನ ಕಣದಲ್ಲಿ ಒಣಗಿಸಬೇಕು. ನಾವೂ ಹಾಗೆಯೇ ಅಂದುಕೊಂಡೆವು. ಫೆಬ್ರವರಿಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೂ ಅವರು ಬರಲಿಲ್ಲ. ಫೋನ್ ರಿಂಗ್ ಆಗುತ್ತಿತ್ತು, ಎತ್ತುತ್ತಿರಲಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ್ದನ್ನು ನೋಡುತ್ತಿದ್ದರು, ಉತ್ತರ ಮಾತ್ರ ಇಲ್ಲ.

ಯಾರೂ ಮನೆಗೆ ಹೋಗಲಿಲ್ಲ. ಯಾಕೆ ಎಂದು ಈಗ ಕೇಳಿದರೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ದೊಡ್ಡವರು, ಅವರಿಗೆ ಕೇಳುವುದು ಹೇಗೆ ಎನ್ನುವ ಸಂಕೋಚ. ಅವರ ಮನೆಯಲ್ಲಿ ಏನೋ ತೊಂದರೆ ಇರಬಹುದು, ಕೆದಕುವುದು ಬೇಡ ಎನ್ನುವ ಭಾವ. ಒಬ್ಬರು ಇನ್ನೊಬ್ಬರು ಹೋಗಿರಬಹುದು ಅಂದುಕೊಂಡೆವು.

ಮಾರ್ಚ್ 31 ಬಂದಾಗ ಬಿಸಿ ತಟ್ಟಿತು. ಲೆಕ್ಕ ಮುಚ್ಚಬೇಕು. ನಡಾವಳಿ ಪುಸ್ತಕ, ರಸೀದಿ ಪುಸ್ತಕ, ವೋಚರುಗಳು, ಸೀಲು, ಬೈಲಾದ (ಸಂಘದ ನಿಯಮಾವಳಿಯ) ಪ್ರತಿ, ನೋಂದಣಿ ಪ್ರಮಾಣಪತ್ರ ಎಲ್ಲವೂ ಮೇಷ್ಟ್ರ ಮನೆಯಲ್ಲಿ. ಬ್ಯಾಂಕ್ ಖಾತೆ ಕಾರ್ಯದರ್ಶಿ ಮತ್ತು ಖಜಾಂಚಿಯ ಜಂಟಿ ಸಹಿಯಲ್ಲಿ. ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಮೇಷ್ಟ್ರದು. 50,000 ರೂಪಾಯಿಯ ಠೇವಣಿ ಏಪ್ರಿಲಿನಲ್ಲಿ ವಾಯಿದೆ ತುಂಬಿತು, ಕೇಳುವವರಿಲ್ಲದೆ ಇನ್ನೊಂದು ವರ್ಷಕ್ಕೆ ತಾನಾಗಿಯೇ ನವೀಕರಣವಾಯಿತು. ಮೇ ತಿಂಗಳಲ್ಲಿ ಶಾಲಾ ಮಕ್ಕಳಿಗೆ ಒಂದು ಪ್ರದರ್ಶನ ಮಾಡಬೇಕು ಅಂತಿತ್ತು. ಹಾಲ್‌ಗೆ ಮುಂಗಡ ಕೊಡಲು ಚೆಕ್ ಬರೆಯಲಾಗದೆ ಕೈಬಿಟ್ಟೆವು.

ಎಲ್ಲಕ್ಕಿಂತ ಜಾಸ್ತಿ ಚಿಂತೆ ಇದ್ದದ್ದು ಆಲ್ಬಮ್‌ಗಳದ್ದು. ಸಂಘದ ಹನ್ನೊಂದು ಆಲ್ಬಮ್ ಅವರ ಮನೆಯಲ್ಲಿತ್ತು. ಅದರಲ್ಲಿ ಒಂದು ಕೊಡಗಿನದ್ದು. ಮಡಿಕೇರಿಯ ಹಳೆಯ ಹೆಸರು ಮರ್ಕೆರಾ ಎಂಬ ಮುದ್ರೆ ಬಿದ್ದ ಕಾರ್ಡುಗಳು, ಕಾರ್ಯಪ್ಪನವರ ಅಂಚೆಚೀಟಿ, ಮತ್ತೆ ಸೈಪ್ರಸ್ ದೇಶ 1966ರಲ್ಲಿ ತಂದ ಜನರಲ್ ತಿಮ್ಮಯ್ಯನವರ ಅಂಚೆಚೀಟಿ. ತಿಮ್ಮಯ್ಯನವರು ಹುಟ್ಟಿದ್ದು ಇದೇ ಮಡಿಕೇರಿಯಲ್ಲಿ, ತೀರಿಕೊಂಡದ್ದು ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿದ್ದಾಗ, 1965ರ ಡಿಸೆಂಬರಿನಲ್ಲಿ. ಅವರ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ ಆಗಿದೆ. ಅಲ್ಲಿಗೆ ಹೋಗಿ ಬಂದ ಮಕ್ಕಳಿಗೆ ನಾವು ಈ ಅಂಚೆಚೀಟಿ ತೋರಿಸುತ್ತೇವೆ. ಕೊಡಗಿನ ಮಳೆಗಾಲ ಗೊತ್ತಲ್ವಾ, ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೂ ಬೂಸು ಬರುತ್ತದೆ. ಅಂಚೆಚೀಟಿಯ ಹಿಂದಿನ ಗೋಂದು ತೇವ ಹೀರಿ ಪುಟಕ್ಕೆ ಅಂಟಿಕೊಂಡರೆ, ಕಂದು ಚುಕ್ಕೆ ಬಿದ್ದರೆ, ಮತ್ತೆ ಸರಿ ಮಾಡಲು ಆಗುವುದಿಲ್ಲ. ಮಳೆ ಹಿಡಿಯಲು ಎರಡೇ ತಿಂಗಳು ಉಳಿದಿತ್ತು.

ಮೊದಲ ಅಡ್ಡಿ ಬೈಲಾ. ಪದಾಧಿಕಾರಿ ಬರದಿದ್ದರೆ ಏನು ಮಾಡಬೇಕು ಎಂದು ಅದರಲ್ಲಿ ಬರೆದಿರುತ್ತದೆ, ಆದರೆ ನಮ್ಮ ಹತ್ತಿರ ಬೈಲಾವೇ ಇಲ್ಲ. ಯಾರೋ ಹೇಳಿದ ಮೇಲೆ ಗೊತ್ತಾಯಿತು, ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಯ ಕಚೇರಿಯಲ್ಲಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ದೃಢೀಕೃತ ನಕಲು ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಈ ಕೆಲಸ ನೋಡುವುದು ಸಹಕಾರ ಸಂಘಗಳ ಉಪನಿಬಂಧಕರ ಕಚೇರಿ. ಹೋಗುವಾಗ ಸಂಘದ ನೋಂದಣಿ ಸಂಖ್ಯೆ ಮತ್ತು ವರ್ಷ ಬರೆದುಕೊಂಡು ಹೋಗಿ. ನಮಗೆ ಅದೂ ಗೊತ್ತಿರಲಿಲ್ಲ. ಹಳೆಯ ಲೆಟರ್‌ಹೆಡ್ ಒಂದರ ಮೂಲೆಯಲ್ಲಿ ಸಿಕ್ಕಿತು. ನಕಲು ಕೈಗೆ ಬರಲು ಎರಡು ವಾರ ಆಯಿತು.

ನಕಲು ತಂದ ದಿನವೇ ಇನ್ನೊಂದು ವಿಷಯ ತಿಳಿಯಿತು. ಹಿಂದಿನ ಎರಡು ವರ್ಷದ ವಾರ್ಷಿಕ ದಾಖಲೆಗಳನ್ನು ಸಂಘ ಸಲ್ಲಿಸಿಯೇ ಇರಲಿಲ್ಲ. ವಾರ್ಷಿಕ ಸಾಮಾನ್ಯ ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಜಮಾ ಖರ್ಚು ಕೊಡಬೇಕು. ಮೇಷ್ಟ್ರು ಕೊಟ್ಟಿರುತ್ತಾರೆ ಎಂದು ನಾವ್ಯಾರೂ ಕೇಳಿರಲಿಲ್ಲ. ಆ ದಿನ ಮೊದಲ ಸಲ ನನಗೆ ಸಿಟ್ಟು ಬಂತು.

ಬೈಲಾವನ್ನು ಮೂರು ಸಲ ಓದಿದೆ. ಸತತ ಮೂರು ಕಾರ್ಯಕಾರಿ ಸಭೆಗೆ ಕಾರಣ ತಿಳಿಸದೆ ಗೈರಾದರೆ ಸ್ಥಾನ ತೆರವಾಯಿತೆಂದು ಸಮಿತಿ ತೀರ್ಮಾನಿಸಬಹುದು, ಆದರೆ ಮೊದಲು ಅವರಿಗೆ ಬರವಣಿಗೆಯಲ್ಲಿ ತಿಳಿಸಿ ಉತ್ತರಕ್ಕೆ ಅವಕಾಶ ಕೊಡಬೇಕು. ಸಭೆ ಕರೆಯುವ ಅಧಿಕಾರ ಕಾರ್ಯದರ್ಶಿಗೆ. ಕಾರ್ಯದರ್ಶಿಯೇ ಇಲ್ಲದಿದ್ದರೆ ಅಧ್ಯಕ್ಷರು ಕರೆಯಬಹುದು ಎಂದು ಇನ್ನೊಂದು ಕಡೆ, ಒಂದೇ ಸಾಲಿನಲ್ಲಿ ಇತ್ತು. ಆ ಸಾಲು ಇಲ್ಲದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು. ನಿಮ್ಮ ಬೈಲಾದಲ್ಲಿ ಅದು ಇದೆಯಾ ಎಂದು ಎಲ್ಲರೂ ಸರಿಯಾಗಿರುವಾಗಲೇ ನೋಡಿಡಿ.

ಮೇ ಮೊದಲ ವಾರ ಅಧ್ಯಕ್ಷರು ಸಮಿತಿ ಸಭೆ ಕರೆದರು. ನಡಾವಳಿ ಪುಸ್ತಕ ಇಲ್ಲದ್ದರಿಂದ ಹೊಸ ಪುಸ್ತಕ ತಂದು, ಪುಟಗಳಿಗೆ ನಂಬರ್ ಹಾಕಿ, ಹಳೆಯದು ಕಾರ್ಯದರ್ಶಿಯವರ ಬಳಿ ಇರುವುದರಿಂದ ಇದನ್ನು ತೆರೆಯಲಾಗಿದೆ ಎಂದು ಮೊದಲ ಪುಟದಲ್ಲೇ ಬರೆದು ಬಂದವರೆಲ್ಲ ಸಹಿ ಮಾಡಿದೆವು. ಇದು ಮುಂದೆ ಬ್ಯಾಂಕಿನಲ್ಲಿ ತುಂಬಾ ಉಪಯೋಗಕ್ಕೆ ಬಂತು.

ಮಾತು ಬಿಸಿಯಾಯಿತು. ಮೂರನೇ ಒಂದರಷ್ಟು ಸದಸ್ಯರು ಸಹಿ ಹಾಕಿ ನೋಂದಣಾಧಿಕಾರಿಗೆ ಅರ್ಜಿ ಕೊಟ್ಟರೆ ವಿಚಾರಣೆ ನಡೆಸುತ್ತಾರೆ, ಹಾಗೆ ಮಾಡೋಣ ಎಂದು ಒಬ್ಬರು. ಕಾಯ್ದೆಯಲ್ಲಿ ಅಂಥ ಅವಕಾಶ ಇರುವುದು ನಿಜ. ಖಜಾಂಚಿ ಅಕ್ಕ ಒಪ್ಪಲಿಲ್ಲ. “ಎಷ್ಟು ದಿನ ಅಂತ ಕಾಯೋದಮ್ಮಾ? ಪೇಪರಿನ ಮೇಲೆ ಕೇಳೋಣ” ಎಂದು ಅಧ್ಯಕ್ಷರು ನನ್ನ ಕಡೆ ನೋಡಿದರು. ಪತ್ರ ಬರೆದವಳು ನಾನು. ಎಲ್ಲಿಂದಲೋ ಸಿಕ್ಕ ನೋಟಿಸಿನ ನಮೂನೆ ನೋಡಿ ಬರೆದೆ. ಹದಿನೈದು ದಿನದೊಳಗೆ ಗೈರುಹಾಜರಿಗೆ ಕಾರಣ ನೀಡಿ ದಾಖಲೆಗಳನ್ನು ಒಪ್ಪಿಸತಕ್ಕದ್ದು, ತಪ್ಪಿದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಹದಿನಾರು ವರ್ಷ ಸಂಘವನ್ನು ಸಾಕಿದವರಿಗೆ ಬರೆಯುವ ಮಾತಲ್ಲ ಅದು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ. ತಲುಪಿದೆ ಎಂದು ಮೊಬೈಲಿನಲ್ಲಿ ನೋಡಿದೆ. ಹದಿನೈದು ದಿನ ಹೋಯಿತು, ಇಪ್ಪತ್ತಾಯಿತು, ಏನೂ ಇಲ್ಲ.

ಜೂನ್ ಎರಡನೇ ವಾರ ಖಜಾಂಚಿ ಅಕ್ಕ ಫೋನ್ ಮಾಡಿದರು. “ನಾಳೆ ಹೋಗಿ ಬರೋಣ. ಇನ್ನು ಮಳೆ ಜೋರಾದರೆ ಭಾಗಮಂಡಲ ಕಡೆ ರಸ್ತೆಗೆ ನೀರು ಬರುತ್ತೆ. ಆಮೇಲೆ ಆಗಸ್ಟ್‌ವರೆಗೂ ಇದೇ ಕಥೆ.” ಮಡಿಕೇರಿಯಿಂದ ನಾಪೋಕ್ಲುವರೆಗೆ ಬಸ್, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಏನು ಕೇಳಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅಂಗಳಕ್ಕೆ ಕಾಲಿಟ್ಟಾಗ ಎಲ್ಲ ಮರೆತುಹೋಯಿತು.

ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. ಆರೋಗ್ಯವಾಗಿಯೇ ಇದ್ದರು. ನಮ್ಮನ್ನು ನೋಡಿ ಎದ್ದು ನಿಂತರು, ಮಾತಾಡಲಿಲ್ಲ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ಅಕ್ಕನ ಕೈಗೆ ಕೊಟ್ಟರು. ನಾನು ಬರೆದ ಪತ್ರ. ಮಡಿಕೆ ಮಾಡಿದ ಕಡೆ ಕಾಗದ ಸವೆದು ತೂತಾಗಿತ್ತು. ಒಂದು ತಿಂಗಳಿನಿಂದ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದರು.

“ನಾನೇ ಬರಬೇಕಿತ್ತು. ಲೆಕ್ಕ ಕೂಡಲಿಲ್ಲ. ಕೂಡದೆ ಯಾವ ಮುಖ ಇಟ್ಟುಕೊಂಡು ಬರೋದು?” ಎಂದರು.

ವಿಷಯ ಇಷ್ಟೇ. ಎರಡು ವರ್ಷದ ಹಿಂದಿನ ಪ್ರದರ್ಶನದ ಲೆಕ್ಕದಲ್ಲಿ 4,150 ರೂಪಾಯಿ ಕಡಿಮೆ ಬರುತ್ತಿತ್ತು. ರಸೀದಿ ಪುಸ್ತಕದ ಮೊತ್ತಕ್ಕೂ ಬ್ಯಾಂಕಿಗೆ ಕಟ್ಟಿದ ಹಣಕ್ಕೂ ತಾಳೆಯಾಗುತ್ತಿರಲಿಲ್ಲ. ಅದರಿಂದ ಆಡಿಟ್ ಮಾಡಿಸಲಿಲ್ಲ, ಆಡಿಟ್ ಇಲ್ಲದೆ ದಾಖಲೆ ಸಲ್ಲಿಸಲಿಲ್ಲ. ಮುಂದಿನ ವರ್ಷ ಅದರ ಮೇಲೆ ಇನ್ನೊಂದು ವರ್ಷದ ಲೆಕ್ಕ ಕೂತಿತು. ಪಿಂಚಣಿ ಹಣದಿಂದ ತುಂಬಿಬಿಡೋಣ ಎಂದು ಯೋಚಿಸಿದ್ದರಂತೆ. ಆದರೆ ಅದನ್ನು ಯಾವ ಹೆಸರಿನಲ್ಲಿ ಬರೆಯುವುದು? ಸುಳ್ಳು ಬರೆಯಲು ಅವರಿಗೆ ಮನಸ್ಸಾಗಲಿಲ್ಲ. ನಿಜ ಹೇಳಿದರೆ ಹಣ ತಿಂದ ಎಂದಾರು ಎನ್ನುವ ಹೆದರಿಕೆ. ತಿಂಗಳಿಗೊಮ್ಮೆ ಪುಸ್ತಕ ತೆಗೆದು ಕೂಡುವುದು, ಅದೇ ಮೊತ್ತ ಬರುವುದು, ಮುಚ್ಚಿಡುವುದು. ಸಭೆಯ ದಿನ ಹತ್ತಿರ ಬಂದ ಹಾಗೆ ನಿದ್ದೆ ಬರುತ್ತಿರಲಿಲ್ಲವಂತೆ.

ಅವರ ಮನೆಯಾಕೆ ಬೆಲ್ಲದ ಕಾಫಿ ತಂದಿಟ್ಟರು. ನಾವು ರಸೀದಿ ಪುಸ್ತಕ ಹಿಡಿದು ಜಗಲಿಯಲ್ಲೇ ಕೂತೆವು. ಪ್ರದರ್ಶನದ ದಿನ ಬೆಳಗ್ಗೆ ಬರೆದ ರಸೀದಿಗಳು ಸಾಲಾಗಿದ್ದವು. ಎಲ್ಲ 300 ರೂಪಾಯಿ ಸದಸ್ಯತ್ವ ಶುಲ್ಕ. ಒಂದೊಂದಾಗಿ ತಿರುವುತ್ತಾ ನನ್ನದೇ ಹೆಸರು ಬಂತು. ಆ ದಿನ ಕಣ್ಣ ಮುಂದೆ ಬಂದು ನಿಂತಿತು. ಬ್ಯಾಡ್ಜ್ ಕೊಡಲು ರಸೀದಿ ಬೇಕಿತ್ತು. “ಮೇಷ್ಟ್ರೇ, ಪರ್ಸ್ ಮನೆಯಲ್ಲೇ ಬಿಟ್ಟು ಬಂದಿದ್ದೇನೆ, ಮುಂದಿನ ಸಭೆಗೆ ಕೊಡ್ತೇನೆ” ಎಂದಿದ್ದೆ. “ಆಯ್ತಮ್ಮಾ” ಎಂದು ಬರೆದುಕೊಟ್ಟಿದ್ದರು. ನಾನು ಕೊಟ್ಟಿರಲಿಲ್ಲ. ಮರೆತೇಹೋಗಿತ್ತು.

ಆ ಕ್ಷಣದ ನಾಚಿಕೆಯನ್ನು ನಾನು ಬೇಗ ಮರೆಯುವುದಿಲ್ಲ. ಅವರಿಗೆ ನೋಟಿಸ್ ಬರೆದವಳೇ ನಾನು.

ಅವರ ಮನೆಯ ಗೇಟಿನ ಹತ್ತಿರ ಮಾತ್ರ ಸಿಗ್ನಲ್ ಸಿಗುತ್ತದೆ. ಕೊಡೆ ಹಿಡಿದು ಅಲ್ಲಿ ನಿಂತು, ಅದೇ ದಿನದ ರಸೀದಿ ಇದ್ದ ಹದಿನೇಳು ಜನರಿಗೆ ಫೋನ್ ಮಾಡಿದೆ. ಎಂಟು ಜನ ತಾವೂ ಹಾಗೆಯೇ ಹೇಳಿ ಮರೆತದ್ದನ್ನು ಒಪ್ಪಿಕೊಂಡರು. ನನ್ನದು ಸೇರಿ ಒಂಬತ್ತು. 2,700 ರೂಪಾಯಿ ಸಿಕ್ಕಿತು. ಇನ್ನು 1,450. ಒಳಗಿನಿಂದ ಅವರ ಮನೆಯಾಕೆ ಕೇಳಿದರು, “ಫ್ರೇಮು ತಂದ ಜೀಪಿನವನಿಗೆ ಅವತ್ತು ಕೈಯಲ್ಲೇ ಕೊಟ್ಟಿರಲ್ಲ, ಅದು ಬರೆದಿದ್ದೀರಾ?” ಬರೆದಿರಲಿಲ್ಲ. ಜೀಪಿನವರು ಅದೇ ಊರಿನವರು. ಸಂಜೆಯೊಳಗೆ ವೋಚರಿಗೆ ಅವರ ಸಹಿಯೂ ಬಂತು. ಎರಡು ವರ್ಷ ಒಬ್ಬರೇ ಹೊತ್ತು ಕೂತದ್ದನ್ನು ನಾಲ್ಕು ಜನ ಕೂತು ಮೂರು ಗಂಟೆಯಲ್ಲಿ ಬಿಡಿಸಿದೆವು.

ಆಮೇಲೆ ಆಲ್ಬಮ್. ಕೇಳಲು ನನಗೆ ಧೈರ್ಯ ಇರಲಿಲ್ಲ, ಮೇಷ್ಟ್ರೇ ಕರೆದುಕೊಂಡು ಹೋದರು. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಕೆಂಡ ಇಡುವ ಕೋಣೆಯ ಪಕ್ಕದ ಗೋಡೆಗೆ ಒಂದು ಸ್ಟೀಲ್ ಟ್ರಂಕ್. ಹನ್ನೊಂದು ಆಲ್ಬಮನ್ನೂ ಮಲಗಿಸದೆ ನಿಲ್ಲಿಸಿ ಇಟ್ಟಿದ್ದರು. ಪುಟ ಒತ್ತಿಕೊಳ್ಳದೆ ಗಾಳಿಯಾಡಲಿ ಎಂದು. ನಡುನಡುವೆ ಬಟ್ಟೆಯಲ್ಲಿ ಕಟ್ಟಿದ ಸಿಲಿಕಾ ಜೆಲ್ ಪೊಟ್ಟಣಗಳು. ನೀಲಿ ಹರಳು ತೇವ ಹೀರಿದ ಮೇಲೆ ಗುಲಾಬಿಯಾಗುತ್ತದೆ, ಬಿಸಿ ಮಾಡಿದರೆ ಮತ್ತೆ ನೀಲಿ. ಟ್ರಂಕಿನ ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿ, ಹರಳು ಬಿಸಿ ಮಾಡಿದ ತಾರೀಖುಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದರು. ನವೆಂಬರ್, ಡಿಸೆಂಬರ್, ಜನವರಿ. ಸಭೆಗೆ ಬಾರದ ಒಂದು ತಿಂಗಳೂ ತಪ್ಪಿರಲಿಲ್ಲ. ಕೊನೆಯ ತಾರೀಖು ನಾವು ಹೋಗುವ ನಾಲ್ಕು ದಿನ ಮೊದಲಿನದು. ಸೈಪ್ರಸ್‌ನ ಅಂಚೆಚೀಟಿ ತನ್ನ ಮೌಂಟಿನೊಳಗೆ, ಅಂಚಿನ ಒಂದು ಹಲ್ಲೂ ಮುಕ್ಕಾಗದೆ, ಇದ್ದ ಹಾಗೆಯೇ ಇತ್ತು.

ಕಾಗದದ ಕೆಲಸ ಅದರ ನಂತರವೂ ಎರಡು ತಿಂಗಳು ಹಿಡಿಯಿತು. ಮೇಷ್ಟ್ರು ಕಾರ್ಯದರ್ಶಿಯಾಗಿ ಮುಂದುವರಿಯಲು ಒಪ್ಪಲಿಲ್ಲ. ರಾಜೀನಾಮೆ ಪತ್ರವನ್ನು ಅಧ್ಯಕ್ಷರ ಹೆಸರಿಗೆ, ತಾರೀಖು ಹಾಕಿ, ತಾವೇ ಬರೆದುಕೊಟ್ಟರು. ಇದೇ ದಾರಿಯಲ್ಲಿ ಹೋಗುವವರು ಇದನ್ನು ಗಮನಿಸಿ. ಸ್ಥಾನ ತೆರವಾಯಿತು ಎಂಬ ಠರಾವಿಗಿಂತ ರಾಜೀನಾಮೆ ಪತ್ರ ಇದ್ದರೆ ಬ್ಯಾಂಕಿನ ದಾರಿ ತುಂಬಾ ಸುಲಭ, ಆ ವ್ಯಕ್ತಿಯ ಮರ್ಯಾದೆಯೂ ಉಳಿಯುತ್ತದೆ. ಜೊತೆಗೆ ಒಂದು ಹಸ್ತಾಂತರ ಪಟ್ಟಿ ಮಾಡಿದೆವು. ಸೀಲು ಒಂದು, ರಸೀದಿ ಪುಸ್ತಕ ಆರು, ಆಲ್ಬಮ್ ಹನ್ನೊಂದು, ಹೀಗೆ. ಎರಡು ಪ್ರತಿ, ಕೊಟ್ಟವರು ಮತ್ತು ಪಡೆದವರು ಇಬ್ಬರದೂ ಸಹಿ. ಸಂಘದ ಇಮೇಲಿನ ಪಾಸ್‌ವರ್ಡ್ ಬದಲಿಸಿದ್ದು, ವಾಟ್ಸ್ಆ್ಯಪ್ ಗುಂಪಿಗೆ ಇನ್ನಿಬ್ಬರು ಅಡ್ಮಿನ್ ಆದದ್ದು ಅದೇ ಜಗಲಿಯಲ್ಲಿ. ಮನೆಗೆ ಹೋದಾಗಲೇ ಇದನ್ನು ಮುಗಿಸಿ, ಓಟಿಪಿ ಬರುವುದು ಅವರ ಫೋನಿಗೇ.

ವಾರ್ಷಿಕ ಸಾಮಾನ್ಯ ಸಭೆಗೆ ನಮ್ಮ ಬೈಲಾ ಪ್ರಕಾರ 21 ದಿನದ ನೋಟಿಸ್. 21 ಜನರಿಗೆ ಕೈಯಲ್ಲಿ ಕೊಟ್ಟು ಸಹಿ ಪಡೆದೆವು, 13 ಜನರಿಗೆ ಅಂಚೆಯಲ್ಲಿ. ಕೋರಂಗೆ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿಗೆ, 12 ಜನ ಬೇಕಿತ್ತು. ಜುಲೈ ಮಳೆಗೆ ಬಂದದ್ದು 9. ಒಂದು ವಾರ ಮುಂದೂಡಿ ಮತ್ತೆ ತಿಳಿಸಿದೆವು. ಮುಂದೂಡಿದ ಸಭೆಗೆ ಕೋರಂ ಬೇಡ ಎಂದು ಬೈಲಾದಲ್ಲಿದ್ದರೂ ಆ ದಿನ 16 ಜನ ಬಂದರು. ಕೊಡಗಿನಲ್ಲಿ ಇಂಥ ಸಭೆಯನ್ನು ಕೊಯ್ಲಿನ ತಿಂಗಳಲ್ಲೂ ಇಡಬೇಡಿ, ಜುಲೈಯಲ್ಲೂ ಇಡಬೇಡಿ. ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲಿನ ದಿನಗಳೇ ಸರಿ.

ಸಭೆಯಲ್ಲಿ ಎರಡು ವರ್ಷದ ಆಡಿಟ್ ಲೆಕ್ಕ ಮಂಡಿಸಿದೆವು. 4,150ರ ವಿಷಯವನ್ನು ಅಧ್ಯಕ್ಷರೇ ಎದ್ದು ನಿಂತು ಪೂರ್ತಿ ಹೇಳಿದರು, ಒಂಬತ್ತು ಬಾಕಿದಾರರಲ್ಲಿ ನಾನೊಬ್ಬಳು ಎಂದು ನಾನೂ ಹೇಳಿದೆ. ಮುಚ್ಚಿಟ್ಟಿದ್ದರೆ ಊರಲ್ಲಿ ಬೇರೆಯೇ ಕಥೆ ಹುಟ್ಟುತ್ತಿತ್ತು. ರಾಜೀನಾಮೆ ಅಂಗೀಕಾರವಾಯಿತು, ನನ್ನನ್ನು ಕಾರ್ಯದರ್ಶಿ ಮಾಡಿದರು. ಒಂಬತ್ತನೇ ದಿನ ದಾಖಲೆಗಳನ್ನು ಹಿಂದಿನ ವರ್ಷಗಳ ದಂಡದ ಸಮೇತ ಸಲ್ಲಿಸಿ ಸ್ವೀಕೃತಿ ಪಡೆದೆ.

ಬ್ಯಾಂಕಿಗೆ ಮೂರು ಸಲ ಹೋಗಬೇಕಾಯಿತು. ಮೊದಲ ಸಲ ನಮ್ಮ ಠರಾವಿನಲ್ಲಿ ಸಹಿದಾರರ ಬದಲಾವಣೆ ಎಂದಷ್ಟೇ ಇತ್ತು, ಖಾತೆ ನಂಬರ್ ಇರಲಿಲ್ಲ. ಎರಡನೇ ಸಲ ಉಳಿತಾಯ ಖಾತೆಯ ನಂಬರ್ ಇತ್ತು, ಠೇವಣಿಯದ್ದು ಇರಲಿಲ್ಲ, ಮೊಬೈಲ್ ನಂಬರ್ ಬದಲಾವಣೆಯ ಮಾತೂ ಇರಲಿಲ್ಲ. ಆದ್ದರಿಂದ ಒಂದೇ ಠರಾವಿನಲ್ಲಿ ಎಲ್ಲ ಬರೆಯಿರಿ: ಯಾರ ಬದಲಿಗೆ ಯಾರು, ಎಲ್ಲ ಖಾತೆ ಮತ್ತು ಠೇವಣಿಯ ನಂಬರ್, ಸಹಿ ಜಂಟಿಯೋ ಒಬ್ಬರದೋ, ಹೊಸ ಮೊಬೈಲ್ ನಂಬರ್ ಯಾವುದು. ಇದರ ಜೊತೆ ನೋಂದಣಿ ಪ್ರಮಾಣಪತ್ರ, ಬೈಲಾ, ಸಂಘದ ಪ್ಯಾನ್, ಹೊಸ ಪದಾಧಿಕಾರಿಗಳ ಪಟ್ಟಿ, ರಾಜೀನಾಮೆಯ ನಕಲು, ಸಹಿದಾರರ ಆಧಾರ್, ಪ್ಯಾನ್, ಫೋಟೋ. ಮೂಲ ಪ್ರತಿಗಳನ್ನೂ ಹಿಡಿದುಕೊಂಡು ಹೋಗಿ. ಇಬ್ಬರು ಸಹಿದಾರರೂ ಒಟ್ಟಿಗೆ ಹೋಗಬೇಕು. ಹಣ ಅಲ್ಲೇ ಇರುತ್ತಲ್ಲ ಎಂದು ಸುಮ್ನೆ ಬಿಡಬೇಡಿ. ಎರಡು ವರ್ಷ ನಾವಾಗಿ ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ, ಆಗ ಅದನ್ನು ಎಬ್ಬಿಸುವುದು ಇನ್ನೊಂದು ಸುತ್ತಿನ ಕೆಲಸ.

ಖರ್ಚು ಕೇಳುವವರಿಗೆ: ಅಂಚೆ 610, ಜೆರಾಕ್ಸ್ ಮತ್ತು ದೃಢೀಕೃತ ನಕಲು 480, ಆಡಿಟರಿಗೆ 3,000, ಫೋಟೋ 240, ಬಸ್ಸು ಆಟೋ 1,800. ಒಟ್ಟು 6,130 ರೂಪಾಯಿ. ದಂಡ ಬೇರೆ.

ಆ 300 ರೂಪಾಯಿಯನ್ನು ನಾನು ಜೂನ್‌ನಲ್ಲೇ, ಅದೇ ಜಗಲಿಯಲ್ಲಿ ಮೇಷ್ಟ್ರ ಕೈಗೆ ಕೊಟ್ಟೆ. ರಸೀದಿ ಕೇಳಲಿಲ್ಲ, ಎರಡು ವರ್ಷದಿಂದ ನನ್ನ ಡಬ್ಬದಲ್ಲಿ ಬಿದ್ದಿತ್ತಲ್ಲ. ಆಲ್ಬಮ್‌ಗಳ ಉಸ್ತುವಾರಿ ಅವರದ್ದೇ ಇರಲಿ ಎಂದು ಸಾಮಾನ್ಯ ಸಭೆ ಠರಾವು ಮಾಡಿದೆ. ಟ್ರಂಕ್ ಈಗಲೂ ಅವರ ಮನೆಯಲ್ಲೇ ಇದೆ. ಸೆಪ್ಟೆಂಬರಿನ ಸಭೆ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ, ಎರಡನೇ ಭಾನುವಾರ. ಕೊಡಗಿನ ಆಲ್ಬಮ್ ಹಿಡಿದುಕೊಂಡು ಬರುತ್ತೇನೆ, ಬೆಳಗ್ಗಿನ ಬಸ್ಸಿಗೆ ಹೊರಡುತ್ತೇನೆ ಎಂದು ನಿನ್ನೆ ಅವರೇ ಫೋನ್ ಮಾಡಿದ್ದರು.